ಹಾಡು ಮುಗಿದ ಮೇಲೂ ಸೆಲ್ಫ್ ಹೊಡೆಯಬೇಕು

ಎಂಜಿನ್ ಆಫ್ ಮಾಡಿದ ಕಾರಿನಲ್ಲಿ ಹಾಡು ಕೇಳುವಾಗ ಸ್ಟೀರಿಯೋಗೆ ಬೇಕಾದ ವಿದ್ಯುತ್ತೆಲ್ಲ ಬರುವುದು ಬಾನೆಟ್ಟಿನಡಿ ಕೂತಿರುವ 12 ವೋಲ್ಟಿನ ಬ್ಯಾಟರಿಯೊಂದರಿಂದಲೇ. ಎಂಜಿನ್ ಓಡುತ್ತಿದ್ದರೆ ಆಲ್ಟರ್ನೇಟರ್ ಬೆಲ್ಟಿನ ಮೂಲಕ ತಿರುಗಿ ಕಾರಿನ ಖರ್ಚನ್ನೆಲ್ಲ ತೂಗಿಸುತ್ತದೆ, ಮಿಕ್ಕಿದ್ದನ್ನು ಬ್ಯಾಟರಿಗೆ ತುಂಬುತ್ತದೆ. ಗ್ಯಾರೇಜಿನವರ ಬಾಯಲ್ಲಿ ಅದಕ್ಕೆ ಇಂದಿಗೂ ‘ಡೈನಮೋ’ ಎಂದೇ ಹೆಸರು. ಎಂಜಿನ್ ನಿಂತ ಕೂಡಲೇ ಜಮೆ ನಿಲ್ಲುತ್ತದೆ, ಖರ್ಚು ಮಾತ್ರ ನಡೆದೇ ಇರುತ್ತದೆ. ಆ ಖರ್ಚು ಎಷ್ಟಾಯಿತು, ಮತ್ತೆ ಸೆಲ್ಫ್ ಹೊಡೆದು ಎಂಜಿನ್ ಎಬ್ಬಿಸುವಷ್ಟು ಉಳಿದಿದೆಯೇ ಎಂದು ತಿಳಿಸುವ ಮಾಪಕ ಹೆಚ್ಚಿನ ಕಾರುಗಳಲ್ಲಿ ಇಲ್ಲ. ಪೆಟ್ರೋಲ್ ತೋರಿಸುವ ಮುಳ್ಳಿದೆ, ಎಂಜಿನ್ನಿನ ಬಿಸಿ ತೋರಿಸುವುದೂ ಇದೆ. ಬ್ಯಾಟರಿಯ ಪಾಲಿಗೆ ಇರುವುದು ಒಂದು ಕೆಂಪು ದೀಪ. ಅದೂ ಬ್ಯಾಟರಿಯಲ್ಲಿ ಎಷ್ಟಿದೆ ಎಂದು ಹೇಳುವುದಿಲ್ಲ, ಡೈನಮೋ ಚಾರ್ಜ್ ಮಾಡುತ್ತಿಲ್ಲ ಎಂದಷ್ಟೇ ಹೇಳುತ್ತದೆ. ಹಳೆಯ ಜೀಪುಗಳಲ್ಲಿ ಆಮೀಟರ್ ಎಂಬ ಗುಂಡನೆಯ ಮಾಪಕವಿತ್ತು. ಮುಳ್ಳು ಎಡಕ್ಕೆ ವಾಲಿದರೆ ಖರ್ಚು, ಬಲಕ್ಕೆ ವಾಲಿದರೆ ಜಮೆ. ಕಾಲಕ್ರಮದಲ್ಲಿ ಅದೂ ಮಾಯವಾಯಿತು.

ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ಈ ಲೆಕ್ಕ ತಪ್ಪುವುದಕ್ಕೆ ಅವಕಾಶ ಧಾರಾಳ, ಏಕೆಂದರೆ ಅಲ್ಲಿ ಕಾರಿನಲ್ಲಿ ಕೂತು ಕಾಯುವ ಸಂದರ್ಭಗಳು ಧಾರಾಳ. ಗಲ್ಫಿನ ವಿಮಾನಗಳು ಅಪರಾತ್ರಿಯಲ್ಲೂ ಬೆಳಗಿನ ಜಾವದಲ್ಲೂ ಇಳಿಯುವ ಕೊಚ್ಚಿಯ ನೆಡುಂಬಾಶೇರಿ ನಿಲ್ದಾಣದ ಪಾರ್ಕಿಂಗಿನಲ್ಲಿ ಸೀಟು ಹಿಂದಕ್ಕೆ ಒರಗಿಸಿ ಹಾಡು ಹಾಕಿಕೊಂಡವರು ಇದ್ದೇ ಇರುತ್ತಾರೆ. ತಿರುವನಂತಪುರದ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಶಂಖುಮುಖಂ ಕಡಲತೀರವಿದೆ, ಅಲ್ಲೂ ಕಾರಿನಲ್ಲೇ ಕಾಯುವವರಿದ್ದಾರೆ. ಫೋರ್ಟ್ ಕೊಚ್ಚಿಯಲ್ಲಿ ವೈಪಿನ್ ಕಡೆ ದಾಟಲು ರೋ-ರೋ ಹಡಗಿಗಾಗಿ ವಾಹನಗಳ ಸಾಲು ನಿಲ್ಲುತ್ತದೆ. ಎರಡು ನಗರಗಳ ನಡುವೆ, ಪತ್ತನಂತಿಟ್ಟ ಜಿಲ್ಲೆಯಲ್ಲಿ, ಶಬರಿಮಲೆ ಯಾತ್ರಿಕರ ವಾಹನಗಳು ತಂಗುವ ನಿಲಕ್ಕಲ್ ಇದೆ. ಮಂಡಲ ಕಾಲದ ಆರಂಭದಿಂದ ಮಕರವಿಳಕ್ಕಿನವರೆಗೆ ಅಲ್ಲಿ ಕರ್ನಾಟಕದ ನೋಂದಣಿಯ ಗಾಡಿಗಳಿಗೆ ಲೆಕ್ಕವಿಲ್ಲ. ಮಾಲೆ ಧರಿಸಿದವರು ಬೆಟ್ಟ ಹತ್ತಿ ಇಳಿದು ಬರುವವರೆಗೆ ಚಾಲಕ ಗಾಡಿಯಲ್ಲೇ ಉಳಿದು ಅಯ್ಯಪ್ಪನ ಹಾಡು ಕೇಳುತ್ತ ಹೊತ್ತು ಕಳೆಯುತ್ತಾನೆ. ಶಬರಿಮಲೆಯಲ್ಲಿ ಮೊಳಗುವ ‘ಹರಿವರಾಸನಂ’ ಹಾಡಿದ ಯೇಸುದಾಸ್ ಹುಟ್ಟಿದ್ದು 1940ರಲ್ಲಿ, ಇದೇ ಫೋರ್ಟ್ ಕೊಚ್ಚಿಯಲ್ಲಿ. ಕಾಸರಗೋಡಿನ ಕನ್ನಡಿಗರಿಗೂ ಈ ಕಾಯುವಿಕೆ ಹೊಸದಲ್ಲ. ಸೆಕ್ರೆಟೇರಿಯಟ್ಟಿನ ಕೆಲಸಕ್ಕೆಂದು ರಾಜ್ಯದ ಬಡಗಣ ತುದಿಯಿಂದ ತೆಂಕಣ ತುದಿಗೆ ಬಂದ ಕೆಎಲ್-14 ನಂಬರಿನ ಕಾರು ಅರ್ಧ ದಿನ ರಸ್ತೆ ಬದಿಯಲ್ಲೇ ನಿಂತಿರುವುದುಂಟು. ಹೊರಡುವ ಹೊತ್ತಿಗೆ ಕೀಲಿ ತಿರುಗಿಸಿದರೆ ‘ಕಟ್ ಕಟ್ ಕಟ್’. ಬ್ಯಾಟರಿ ಡೌನ್.

ಕಾರಿಗೆ ಈ ದೊಡ್ಡ ಬ್ಯಾಟರಿ ಬಂದದ್ದು ಹಾಡಿನ ಸಲುವಾಗಿ ಅಲ್ಲ. ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ, ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುವ ಕಷ್ಟ ತಪ್ಪಿ, ದೊಡ್ಡ ಬ್ಯಾಟರಿ ಕಾರಿನ ಖಾಯಂ ಭಾಗವಾಯಿತು. ಗಾಲ್ವಿನ್ ಸಹೋದರರು ‘ಮೊಟೊರೋಲಾ’ ಹೆಸರಿನಲ್ಲಿ ಕಾರಿನ ರೇಡಿಯೋ ಮಾರಾಟಕ್ಕೆ ತಂದದ್ದು 1930ರಲ್ಲಿ. ವಾಲ್ವುಗಳಿಂದ ನಡೆಯುತ್ತಿದ್ದ ಆ ಕಾಲದ ರೇಡಿಯೋಗಳು ವಿದ್ಯುತ್ತನ್ನು ಗಟಗಟ ಕುಡಿಯುತ್ತಿದ್ದವು. ಆಗಿನ ಬಹಳಷ್ಟು ಕಾರುಗಳ ಬ್ಯಾಟರಿಯೋ ಬರೀ 6 ವೋಲ್ಟಿನದು. ನಿಂತ ಕಾರಿನಲ್ಲಿ ಹಾಡು ಕೇಳಿ ಪೇಚಿಗೆ ಸಿಗುವ ಕಥೆಗೆ ಹತ್ತಿರಹತ್ತಿರ ನೂರು ವರ್ಷದ ವಯಸ್ಸು.

ಸ್ಟಾರ್ಟರಿನ ಬೇಡಿಕೆ ವಿಚಿತ್ರವಾದದ್ದು. ಚಿಕ್ಕ ಪೆಟ್ರೋಲ್ ಕಾರಿನ ಸೆಲ್ಫ್ ಮೋಟರ್ ಒಂದೆರಡು ಸೆಕೆಂಡು ತಿರುಗುವಾಗ 150ರಿಂದ 200 ಆ್ಯಂಪಿಯರ್ ಎಳೆಯುತ್ತದೆ. ಮೊತ್ತ ದೊಡ್ಡದಾಗಿ ಕಂಡರೂ ಅವಧಿ ಕಿರಿದು. 200 ಆ್ಯಂಪಿಯರನ್ನು ಎರಡು ಸೆಕೆಂಡು ಎಳೆದರೆ ಆಗುವ ಖರ್ಚು ಒಂದು ಆ್ಯಂಪಿಯರ್-ಗಂಟೆಯ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ಸ್ಟೀರಿಯೋ ಬರೀ 2 ಆ್ಯಂಪಿಯರ್ ಎಳೆದರೂ ನಾಲ್ಕು ಗಂಟೆಯಲ್ಲಿ 8 ಆ್ಯಂಪಿಯರ್-ಗಂಟೆ ಹೋಗಿರುತ್ತದೆ. ಲೆಕ್ಕಕ್ಕೆ ನೋಡಿದರೆ ಅದು ಸುಮಾರು 70 ಸಲ ಸೆಲ್ಫ್ ಹೊಡೆದದ್ದಕ್ಕೆ ಸಮ. ಸೆಲ್ಫಿಗೆ ಬೇಕಿರುವುದು ರಾಶಿಯಲ್ಲ, ರಭಸ. ಬ್ಯಾಟರಿ ಅರ್ಧಕ್ಕೆ ಇಳಿದಾಗ ಅದರಲ್ಲಿ ನೂರು ಸಲ ಎಂಜಿನ್ ತಿರುಗಿಸುವಷ್ಟು ವಿದ್ಯುತ್ತು ಇನ್ನೂ ಇರುತ್ತದೆ, ಆದರೆ ಅದನ್ನು ಒಮ್ಮೆಲೇ ಸುರಿಯುವ ತಾಕತ್ತು ಕುಗ್ಗಿರುತ್ತದೆ. ಹಾಡು ಚೆನ್ನಾಗಿ ಕೇಳುತ್ತಿದ್ದರೂ, ಡ್ಯಾಶ್‌ಬೋರ್ಡಿನ ದೀಪಗಳು ಉರಿಯುತ್ತಿದ್ದರೂ, ಎಂಜಿನ್ ಮಾತ್ರ ತಿರುಗದೆ ಇರುವುದಕ್ಕೆ ಇದೇ ಕಾರಣ.

ಆ ರಭಸಕ್ಕಾಗಿಯೇ ಕಾರಿನ ಬ್ಯಾಟರಿಯ ಒಳಗೆ ತೆಳುವಾದ ಸೀಸದ ಫಲಕಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಮೇಲ್ಮೈ ಹೆಚ್ಚಿದಷ್ಟೂ ವಿದ್ಯುತ್ತು ಬೇಗ ಹೊರಡುತ್ತದೆ. ಮನೆಯ ಇನ್ವರ್ಟರಿಗೆ ಹಾಕುವ ಟ್ಯೂಬುಲರ್ ಬ್ಯಾಟರಿಯೂ ಸೀಸ-ಆಮ್ಲದ್ದೇ. ಆದರೆ ಅದರ ಫಲಕಗಳು ದಪ್ಪ, ಗಂಟೆಗಟ್ಟಲೆ ನಿಧಾನವಾಗಿ ಬಸಿದು ಮತ್ತೆ ತುಂಬಿಸಿದರೂ ತಡೆದುಕೊಳ್ಳುತ್ತವೆ. ಕಾರಿನ ಬ್ಯಾಟರಿಯನ್ನು ಇನ್ವರ್ಟರಿನಂತೆ ದುಡಿಸುವುದೇ ಎಂಜಿನ್ ಆಫ್ ಮಾಡಿ ಹಾಡು ಕೇಳುವುದರಲ್ಲಿರುವ ಮೂಲ ತೊಡಕು. ಚಾರ್ಜ್ ಇಳಿಯುವಾಗ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಮ್ಲ ನೀರಾಗುತ್ತ ಹೋಗುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಸಲ್ಫೇಟ್ ಕರಗಿ ಹಿಂದಿನ ಸ್ಥಿತಿ ಬರುತ್ತದೆ. ದಿನಗಟ್ಟಲೆ ಹಾಗೇ ಬಿಟ್ಟರೆ ಅದು ಗಟ್ಟಿ ಹರಳಾಗಿ ಅಂಟಿಕೊಂಡು, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಬಿಡುವುದಿಲ್ಲ. ಒಂದು ಸಲ ಪೂರ್ತಿ ಡೌನ್ ಆದ ಬ್ಯಾಟರಿ ಮೊದಲಿನಂತಾಗುವುದಿಲ್ಲ ಎಂದು ಎಲೆಕ್ಟ್ರಿಷಿಯನ್‌ಗಳು ಹೇಳುವ ಮಾತಿನಲ್ಲಿ ಉತ್ಪ್ರೇಕ್ಷೆ ಕಡಿಮೆ.

ಖರ್ಚಿನ ಲೆಕ್ಕ ಶುರುವಾಗುವುದು ಬ್ಯಾಟರಿಯ ಮೇಲೆ ಬರೆದಿರುವ ಅಂಕಿಯಿಂದ. ಭಾರತದ ಬಹುಪಾಲು ಚಿಕ್ಕ ಪೆಟ್ರೋಲ್ ಕಾರುಗಳಲ್ಲಿರುವುದು 35 ಎಎಚ್, ಅಂದರೆ 35 ಆ್ಯಂಪಿಯರ್-ಗಂಟೆಯ ಬ್ಯಾಟರಿ. ಡೀಸೆಲ್ ಕಾರುಗಳದ್ದು ಇನ್ನೂ ದೊಡ್ಡದು. 35 ಎಎಚ್ ಎಂದರೆ 35 ಆ್ಯಂಪಿಯರನ್ನು ಒಂದು ಗಂಟೆ ಕೊಡುತ್ತದೆ ಎಂದು ಅರ್ಥ ಮಾಡಿಕೊಂಡರೆ ಮೋಸ ಹೋದಂತೆ. ಸಾಮಾನ್ಯವಾಗಿ ಆ ಅಂಕಿಯನ್ನು 20 ಗಂಟೆಯ ನಿಧಾನ ಬಳಕೆಗೆ ಲೆಕ್ಕ ಹಾಕಿರುತ್ತಾರೆ, ಅಂದರೆ ಸತತವಾಗಿ ಒಂದೂಮುಕ್ಕಾಲು ಆ್ಯಂಪಿಯರಿನಂತೆ. ಹೆಚ್ಚು ವೇಗವಾಗಿ ಎಳೆದರೆ ಒಟ್ಟು ಸಿಗುವುದೇ ಕಡಿಮೆ. ಜರ್ಮನಿಯ ವಿಜ್ಞಾನಿ ಪಾಯ್ಕರ್ಟ್ 1897ರಲ್ಲೇ ಇದನ್ನು ಸೂತ್ರಕ್ಕೆ ಇಳಿಸಿದ್ದ. ಮೇಲಾಗಿ ಅದು ಹೊಸ ಬ್ಯಾಟರಿಯ ಅಂಕಿ. ಮೂರು ನಾಲ್ಕು ವರ್ಷ ದುಡಿದ ಬ್ಯಾಟರಿಯಲ್ಲಿ ನಿಜವಾಗಿ ಉಳಿದಿರುವುದು ಅದರ ಅರ್ಧವೂ ಆಗಿರಬಹುದು. ಹೊಸತರಲ್ಲೂ ಸೆಲ್ಫಿನ ಪಾಲನ್ನು ಮೊದಲೇ ತೆಗೆದಿಟ್ಟು, ಕಾಲು ಭಾಗಕ್ಕಿಂತ ಹೆಚ್ಚು ಹಾಡಿಗೆ ಖರ್ಚು ಮಾಡದಿರುವುದು ಜಾಣತನ. 35 ಎಎಚ್‌ನಲ್ಲಿ ಅದು ಎಂಟು ಒಂಬತ್ತು ಆ್ಯಂಪಿಯರ್-ಗಂಟೆ.

ಇನ್ನು ಎಳೆಯುವವರು ಯಾರು? ಕಂಪನಿ ಕೂರಿಸಿದ ಸ್ಟೀರಿಯೋ ಸಾಧಾರಣ ಸದ್ದಿನಲ್ಲಿ ಒಂದರಿಂದ ಎರಡು ಆ್ಯಂಪಿಯರ್ ತೆಗೆದುಕೊಳ್ಳುತ್ತದೆ. ಡಬ್ಬಿಯ ಮೇಲೆ ‘ನಾಲ್ಕು ಇಂಟು 50 ವಾಟ್’ ಎಂದು ದೊಡ್ಡದಾಗಿ ಬರೆದಿದ್ದರೂ ಅದು ಕ್ಷಣಮಾತ್ರದ ಗರಿಷ್ಠ ಶಕ್ತಿ. ಹಾಡಿನಲ್ಲಿ ಡೋಲಿನ ಪೆಟ್ಟು ಬಿದ್ದಾಗ ಏರಿ ತಕ್ಷಣ ಇಳಿಯುವುದರಿಂದ ಸರಾಸರಿ ಅದರ ಹತ್ತಿರಕ್ಕೂ ಬರುವುದಿಲ್ಲ. ನಿಜವಾದ ಕಳ್ಳರು ಹಾಡಿನ ಜೊತೆ ಬರುವವರು. ಕೀಲಿಯನ್ನು ಹಾಡಿಗೆ ಸಾಕಾಗುವ ‘ಎಸಿಸಿ’ಯಲ್ಲಿ ನಿಲ್ಲಿಸದೆ ‘ಆನ್’ವರೆಗೆ ತಿರುಗಿಸಿದರೆ ಎಂಜಿನ್ನಿನ ಕಂಪ್ಯೂಟರು, ಸೆನ್ಸರುಗಳು, ಡ್ಯಾಶ್‌ಬೋರ್ಡು ಎಲ್ಲ ಎಚ್ಚರಗೊಂಡು ಇನ್ನೊಂದಷ್ಟು ಆ್ಯಂಪಿಯರ್ ಸೇರುತ್ತದೆ. ಬಟನ್ ಸ್ಟಾರ್ಟ್ ಇರುವ ಹೆಚ್ಚಿನ ಕಾರುಗಳಲ್ಲಿ ಬ್ರೇಕ್ ಅಥವಾ ಕ್ಲಚ್ ಮೆಟ್ಟದೆ ಒಮ್ಮೆ ಒತ್ತಿದರೆ ಎಸಿಸಿ, ಎರಡು ಸಲ ಒತ್ತಿದರೆ ಆನ್. ಫೋನಿನ ಚಾರ್ಜರ್ ಒಂದು ಆ್ಯಂಪಿಯರ್. ಹೆಡ್‌ಲೈಟ್ ಹಳೆಯ ಹ್ಯಾಲೊಜನ್ ಆಗಿದ್ದರೆ ಎರಡೂ ಸೇರಿ ಒಂಬತ್ತು ಹತ್ತು. ಕೇರಳದ ಕರಾವಳಿಯ ಬೇಗೆಯಲ್ಲಿ ಕಿಟಕಿ ಮುಚ್ಚಿ ಕೂರುವವರು ಮರೆಯದೆ ಹಾಕುವ ಬ್ಲೋವರ್ ಫ್ಯಾನು ಪೂರ್ಣ ವೇಗದಲ್ಲಿ ಹತ್ತರ ಆಸುಪಾಸು. ಎಂಜಿನ್ ಓಡದೆ ಎಸಿಯ ಕಂಪ್ರೆಸರ್ ತಿರುಗದು, ಫ್ಯಾನು ಊದುವುದು ಬಿಸಿ ಗಾಳಿಯನ್ನೇ. ಜೂನ್ ತಿಂಗಳ ಮಳೆಯಲ್ಲಿ ಗಾಜು ಮಂಜಾಗುತ್ತದೆಂದು ಹಿಂಬದಿಯ ಡಿಫಾಗರ್ ಒತ್ತಿ ಮರೆತರೆ ಅದೂ ಹತ್ತಿರದಲ್ಲೇ ಇರುತ್ತದೆ. ಬ್ಯಾಟರಿ ಇಳಿದ ತಪ್ಪು ಹಾಡಿನ ತಲೆಗೆ ಕಟ್ಟಿದರೂ, ಬಹಳ ಸಲ ಅದನ್ನು ಕುಡಿದವರು ಬೇರೆ.

ಚಾರ್ಜ್ ಎಷ್ಟಿದೆ ಎಂದು ಅಳೆಯುವ ಅಗ್ಗದ ದಾರಿ ವೋಲ್ಟ್‌ಮೀಟರ್. ಬ್ಯಾಟರಿಯಲ್ಲಿ ಆರು ಕೋಶಗಳಿವೆ, ಪೂರ್ತಿ ತುಂಬಿದಾಗ ಒಂದೊಂದೂ 2.1 ವೋಲ್ಟಿನಷ್ಟು ಕೊಡುತ್ತದೆ. ಹಾಗಾಗಿ ವಿಶ್ರಾಂತಿಯಲ್ಲಿರುವ ತುಂಬಿದ ಬ್ಯಾಟರಿ 12.6ರಿಂದ 12.7 ತೋರಿಸುತ್ತದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು. 11.8ಕ್ಕೆ ಬಂದರೆ ಬರಿದಾದಂತೆಯೇ. ತುಂಬಿದ್ದಕ್ಕೂ ಬರಿದಾದದ್ದಕ್ಕೂ ನಡುವೆ ಒಂದು ವೋಲ್ಟಿನ ಅಂತರವೂ ಇಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ‘12 ವೋಲ್ಟ್ ಬ್ಯಾಟರಿ, 12 ತೋರಿಸ್ತಿದೆ, ಸರಿಯಾಗಿದೆ’ ಎನ್ನುವುದು ಎಲ್ಲೆಡೆ ಕೇಳಿಬರುವ ತಪ್ಪು. 12 ತೋರಿಸುವ ಬ್ಯಾಟರಿ ಮುಕ್ಕಾಲು ಪಾಲು ಖಾಲಿಯಾಗಿರುತ್ತದೆ. ದಶಾಂಶದ ನಂತರದ ಒಂದು ಅಂಕಿಯಲ್ಲೇ ಕಥೆಯೆಲ್ಲ ಇರುವುದರಿಂದ ಮುಳ್ಳಿನ ಮೀಟರಿಗಿಂತ ಡಿಜಿಟಲ್ ಮೀಟರ್ ಮೇಲು.

ಅಳತೆ ಕಷ್ಟವಲ್ಲ. ಮಲ್ಟಿಮೀಟರಿನ ಗುಬ್ಬಿಯನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪ್ಲಸ್ ಟರ್ಮಿನಲ್ಲಿಗೂ ಕಪ್ಪು ಕಡ್ಡಿಯನ್ನು ಮೈನಸ್ಸಿಗೂ ತಾಗಿಸಿದರೆ ಆಯಿತು. ಬಾನೆಟ್ ಎತ್ತುವ ತಾಪತ್ರಯ ಬೇಡವೆನ್ನುವವರಿಗೆ ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಪುಟ್ಟ ಮೀಟರುಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ತಂತಿಯುದ್ದಕ್ಕೂ ವೋಲ್ಟೇಜ್ ಒಂದಿಷ್ಟು ಇಳಿಯುವುದರಿಂದ ಅವು ಬ್ಯಾಟರಿಯ ಬಾಯಲ್ಲಿರುವುದಕ್ಕಿಂತ 0.1 ಅಥವಾ 0.2 ವೋಲ್ಟ್ ಕಡಿಮೆ ತೋರಿಸಬಹುದು. ಹೊಸ ಮೀಟರ್ ತಂದಾಗ ಒಮ್ಮೆ ಮಲ್ಟಿಮೀಟರಿನೊಂದಿಗೆ ಹೋಲಿಸಿ ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಸಾಕು. ಟರ್ಮಿನಲ್ಲಿಗೆ ಕಚ್ಚಿಸಿ ಬ್ಲೂಟೂತ್ ಮೂಲಕ ಫೋನಿನಲ್ಲಿ ನೋಡುವ ಮೀಟರುಗಳೂ ಇವೆ, ದಿನವಿಡೀ ಏರಿಳಿತದ ಗೆರೆ ಎಳೆದು ತೋರಿಸುತ್ತವೆ. ಕೆಲವು ಬ್ಯಾಟರಿಗಳ ಮೇಲೆ ‘ಮ್ಯಾಜಿಕ್ ಐ’ ಎಂಬ ಗಾಜಿನ ಕಣ್ಣಿರುತ್ತದೆ. ಸಾಮಾನ್ಯವಾಗಿ ಹಸಿರು ಕಂಡರೆ ಚಾರ್ಜ್ ಇದೆ, ಕಪ್ಪಾದರೆ ಚಾರ್ಜ್ ಮಾಡಬೇಕು. ಆದರೆ ಅದು ಆರು ಕೋಶಗಳಲ್ಲಿ ಒಂದನ್ನು ಮಾತ್ರ ನೋಡುತ್ತದೆ. ಉಳಿದ ಐದರ ಪೈಕಿ ಒಂದು ಸತ್ತಿದ್ದರೂ ಹಸಿರೇ ಕಾಣಬಹುದು.

ಮೀಟರ್ ಕೊಳ್ಳುವುದು ಸುಲಭ, ಅದು ಹೇಳುವುದನ್ನು ಯಾವ ಹೊತ್ತಿನ ಮಾತು ಎಂದು ತಿಳಿಯುವುದರಲ್ಲೇ ಕಷ್ಟವಿದೆ. ಎಂಜಿನ್ ಓಡುವಾಗ ಕಾಣುವ 13.8ರಿಂದ 14.4 ಬ್ಯಾಟರಿಯದ್ದಲ್ಲ, ಡೈನಮೋದ್ದು. ಎಂಜಿನ್ ಆಫ್ ಮಾಡಿದ ಕೂಡಲೇ 13ರ ಹತ್ತಿರ ಕಾಣುವುದು ಫಲಕಗಳ ಮೇಲ್ಪದರದಲ್ಲಿ ಮಾತ್ರ ಉಳಿದ ಚಾರ್ಜು, ಹಾಲು ಕಾಯಿಸಿದಾಗ ಉಕ್ಕಿದ ನೊರೆಯ ಹಾಗೆ. ಅದು ಇಳಿಯಲು ಕೆಲವು ಗಂಟೆಗಳೇ ಬೇಕು. ಹೆಡ್‌ಲೈಟನ್ನು ಒಂದೆರಡು ನಿಮಿಷ ಉರಿಸಿ ಆರಿಸಿದರೆ ಬೇಗ ಇಳಿಯುತ್ತದೆ. ಹಾಡು ನಡೆಯುತ್ತಿರುವಾಗ ಕಾಣುವ ಅಂಕಿ ಮತ್ತೊಂದು ದಿಕ್ಕಿಗೆ ತಪ್ಪುತ್ತದೆ. ಎಳೆತ ಇರುವಷ್ಟು ಹೊತ್ತೂ ವೋಲ್ಟೇಜ್ ಬಾಗಿರುತ್ತದೆ, ನಿಲ್ಲಿಸಿದರೆ ಮತ್ತೆ ಸ್ವಲ್ಪ ಏಳುತ್ತದೆ. ಮೊದಲು ಹೇಳಿದ 12.4, 12.2ಗಳು ವಿಶ್ರಾಂತಿಯ ಅಂಕಿಗಳು, ಹಾಡಿನ ನಡುವೆ ಓದಿದವಲ್ಲ.

ಒಂದು ಸಂಜೆಯನ್ನು ಹತ್ತಿರದಿಂದ ನೋಡಬಹುದು. ಶಂಖುಮುಖಂ ತೀರದಲ್ಲಿ ಆರು ಗಂಟೆಗೆ ಬಂದು ನಿಂತ ಚಿಕ್ಕ ಕಾರು, 35 ಎಎಚ್‌ನ ಆರೋಗ್ಯವಾದ ಬ್ಯಾಟರಿ, ಟರ್ಮಿನಲ್ಲಿಗೆ ಕಚ್ಚಿಸಿದ ಬ್ಲೂಟೂತ್ ಮೀಟರ್ ಎಂದಿಟ್ಟುಕೊಂಡರೆ ಅಂಕಿಗಳು ಹೆಚ್ಚುಕಡಿಮೆ ಹೀಗೆ ನಡೆಯುತ್ತವೆ. ಎಂಜಿನ್ ಆಫ್ ಮಾಡಿದಾಗ 13.0. ಹಾಡು ಹಾಕಿ ಹತ್ತು ನಿಮಿಷಕ್ಕೆ 12.6. ಸ್ಟೀರಿಯೋ ಮತ್ತು ಫೋನ್ ಚಾರ್ಜರ್ ಸೇರಿ 3 ಆ್ಯಂಪಿಯರ್ ಎಳೆಯುತ್ತಿದ್ದರೆ ಏಳು ಗಂಟೆಗೆ 12.4, ಎಂಟಕ್ಕೆ 12.3. ಎರಡು ಗಂಟೆಯಲ್ಲಿ ಹೋದದ್ದು 6 ಆ್ಯಂಪಿಯರ್-ಗಂಟೆ, ಒಟ್ಟಿನಲ್ಲಿ ಆರನೇ ಒಂದು ಪಾಲು. ಹಾಡು ನಿಲ್ಲಿಸಿ ಕಾಲು ಗಂಟೆ ಕಡಲ ದಂಡೆಯಲ್ಲಿ ಅಡ್ಡಾಡಿ ಬಂದರೆ ಮೀಟರ್ 12.4 ದಾಟಿರುತ್ತದೆ. ಕೀಲಿ ತಿರುಗಿಸಿದ ಕ್ಷಣ ಅಂಕಿ 10ರ ಆಸುಪಾಸಿಗೆ ಕುಸಿದು, ಎಂಜಿನ್ ಹಿಡಿದ ಮೇಲೆ 14ಕ್ಕೆ ಜಿಗಿಯುತ್ತದೆ. ಆ ಕುಸಿತವೇ ಇಡೀ ಸಂಜೆಯ ಅತಿ ಮುಖ್ಯ ಓದು. ಸೆಲ್ಫ್ ತಿರುಗುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬೀಳುತ್ತಿದ್ದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಮುದಿಯಾಗಿದೆ. ಆರಾಮವಾಗಿ ನಿಂತಿರುವಾಗ 12.6 ತೋರಿಸಿ ಸೆಲ್ಫಿನಲ್ಲಿ 8ಕ್ಕೆ ಬಿದ್ದರೆ ಆ ಬ್ಯಾಟರಿಗೆ ಚಾರ್ಜರ್ ಹಾಕಿ ಪ್ರಯೋಜನವಿಲ್ಲ. ಎಳೆತ ಕಡಿಮೆ ಇದ್ದಾಗ ಹಾಡಿನ ನಡುವೆಯೇ 12.2 ಕಂಡರೆ ನಿಲ್ಲಿಸುವುದು ಸುರಕ್ಷಿತ ಗೆರೆ. 12.0ರವರೆಗೆ ಹೋಗುವುದು ಹೊಸ ಬ್ಯಾಟರಿಯವರ ಧೈರ್ಯ.

ಕೊಚ್ಚಿಯ ವಾಟರ್ ಮೆಟ್ರೋ ದೋಣಿಯಲ್ಲಿ ಬ್ಯಾಟರಿಯ ಚಾರ್ಜ್ ಶೇಕಡಾವಾರು ಕಾಣುತ್ತದೆ, ಜೇಬಿನ ಫೋನಿನಲ್ಲೂ ಕಾಣುತ್ತದೆ. ಕಾರಿನಲ್ಲಿ ಏಕೆ ಕಾಣುವುದಿಲ್ಲ? 2023ರ ಏಪ್ರಿಲ್‌ನಲ್ಲಿ ಓಡತೊಡಗಿದ ಆ ದೋಣಿಗಳನ್ನು ಕಟ್ಟಿದ್ದು ಕೊಚ್ಚಿನ್ ಶಿಪ್‌ಯಾರ್ಡ್, ಅವುಗಳಲ್ಲಿರುವುದು ಲಿಥಿಯಂ ಟೈಟನೇಟ್ ಬ್ಯಾಟರಿಗಳು. ಅಲ್ಲಿ ಒಳಹೋಗುವ, ಹೊರಬರುವ ವಿದ್ಯುತ್ತನ್ನೆಲ್ಲ ಎಣಿಸುತ್ತ ಕೂರುವ ಎಲೆಕ್ಟ್ರಾನಿಕ್ ಗುಮಾಸ್ತ ಇರುತ್ತಾನೆ. ಲಿಥಿಯಂ ಬ್ಯಾಟರಿಗೆ ಅಂಥ ಕಾವಲು ಅನಿವಾರ್ಯ, ಹದ್ದು ಮೀರಿದರೆ ಬೆಂಕಿಯ ಭಯವಿದೆ. ಸೀಸದ ಬ್ಯಾಟರಿ ಸಹನಶೀಲ. ಕಾವಲಿಲ್ಲದೆಯೂ ಬದುಕುತ್ತದೆಂಬ ಕಾರಣಕ್ಕೆ ಕಾರು ಕಂಪನಿಗಳು ಅದಕ್ಕೆ ಲೆಕ್ಕ ಬರೆಯುವವನನ್ನು ಬಹಳ ಕಾಲ ಇಡಲೇ ಇಲ್ಲ.

ಈಚಿನ ಹಲವು ಕಾರುಗಳಲ್ಲಿ ಅವನೂ ಬಂದಿದ್ದಾನೆ. ಎಂಜಿನ್ ತಾನಾಗಿ ನಿಂತು ಹೊರಡುವ ಸೌಲಭ್ಯವಿರುವ ಮಾದರಿಗಳಲ್ಲಿ ಬ್ಯಾಟರಿಯ ಮೈನಸ್ ತುದಿಗೆ ಒಂದು ಪುಟ್ಟ ಸೆನ್ಸರ್ ಕಟ್ಟಿರುತ್ತಾರೆ. ಅದು ವಿದ್ಯುತ್ತಿನ ಹರಿವು, ವೋಲ್ಟೇಜ್, ಬಿಸಿ ಮೂರನ್ನೂ ನೋಡುತ್ತದೆ. ಚಾರ್ಜ್ ಒಂದು ಮಟ್ಟಕ್ಕಿಂತ ಇಳಿದಾಗ ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ, ಮುಂದೆ ಹಾಡೇ ಬಂದ್ ಆಗುತ್ತದೆ. ಇದನ್ನು ಸ್ಟೀರಿಯೋ ಕೆಟ್ಟಿತು ಎಂದುಕೊಂಡು ಸರ್ವಿಸ್ ಸೆಂಟರಿಗೆ ಓಡುವವರಿದ್ದಾರೆ. ಇಂಥ ಕಾರಿಗೆ ಹೊರಗಿನಿಂದ ಆ್ಯಂಪ್ಲಿಫೈಯರ್ ಜೋಡಿಸುವಾಗ ಮೈನಸ್ ತಂತಿಯನ್ನು ನೇರ ಬ್ಯಾಟರಿಯ ತುದಿಗೆ ಬಿಗಿಯಬಾರದು, ಬಾಡಿಯ ಲೋಹಕ್ಕೆ ಬಿಗಿಯಬೇಕು. ಇಲ್ಲದಿದ್ದರೆ ಆ ಖರ್ಚು ಸೆನ್ಸರಿನ ಕಣ್ಣಿಗೆ ಬೀಳುವುದಿಲ್ಲ.

ಕೇರಳದ ಹವೆ ಈ ವಿಷಯದಲ್ಲಿ ಎರಡು ಮುಖದ್ದು. ಬಿಸಿ ಹೆಚ್ಚಿದಂತೆ ಬ್ಯಾಟರಿಯೊಳಗಿನ ಸವೆತ ವೇಗವಾಗುತ್ತದೆ. ತಾಪ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ತಯಾರಕರ ಸ್ಥೂಲ ಲೆಕ್ಕ. ಸುಮ್ಮನೆ ನಿಂತಾಗ ತಾನಾಗಿ ಇಳಿಯುವ ಚಾರ್ಜೂ ಬಿಸಿಯಲ್ಲಿ ಹೆಚ್ಚು. ಆದರೆ ಅದೇ ಬಿಸಿ ಎಂಜಿನ್ ಆಯಿಲನ್ನು ತೆಳುವಾಗಿಡುವುದರಿಂದ ಸೆಲ್ಫ್ ಹಗುರವಾಗಿ ತಿರುಗುತ್ತದೆ, ಬ್ಯಾಟರಿಯ ಮುಪ್ಪು ಹೊರಗೆ ಕಾಣುವುದಿಲ್ಲ. ಕೊಚ್ಚಿಯಲ್ಲಿ ದಿನವೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದ್ದ ಕಾರು ಸುಮಾರು 130 ಕಿಲೋಮೀಟರ್ ದೂರದ ಮುನ್ನಾರಿಗೆ ಹೋಗಿ, ಜನವರಿಯ ಕೊರೆವ ಚಳಿಯ ಮುಂಜಾನೆ ಸೆಲ್ಫ್ ತಗೊಳ್ಳದೆ ನಿಂತುಬಿಡುವುದು ಹೀಗೆ. ಮಂಗಳೂರಿನಿಂದ ಮಡಿಕೇರಿಗೆ ಏರಿದವರಿಗೂ ಇದರ ಅನುಭವವಿದ್ದೀತು. ಹಿಂದಿನ ರಾತ್ರಿ ಹಾಡು ಹಾಕಿಕೊಂಡು ಬೆಂಕಿ ಕಾಯಿಸಿದ್ದರಂತೂ ಮುಗಿಯಿತು. ಇನ್ನೊಂದು ಕಾಟ ಕಡಲ ಉಪ್ಪುಗಾಳಿ. ಟರ್ಮಿನಲ್ಲುಗಳ ಮೇಲೆ ಹಸಿರು-ಬಿಳಿ ಹಿಟ್ಟು ಕಟ್ಟಿದರೆ ಬ್ಯಾಟರಿ ತುಂಬಿದ್ದರೂ ರಭಸ ದಾಟಿ ಬರುವುದಿಲ್ಲ, ಡೈನಮೋ ಕಳಿಸಿದ್ದೂ ಪೂರ್ತಿ ಒಳಹೋಗುವುದಿಲ್ಲ. ಅಡುಗೆ ಸೋಡಾ ಕದಡಿದ ಬಿಸಿನೀರಿನಿಂದ ಉಜ್ಜಿ, ಒರೆಸಿ, ವ್ಯಾಸಲೀನ್ ಸವರುವುದೇ ಅದಕ್ಕೆ ಪರಿಹಾರ.

ಖರ್ಚಾದದ್ದು ಮತ್ತೆ ತುಂಬುವುದು ಜನ ಅಂದುಕೊಂಡಷ್ಟು ಬೇಗವಲ್ಲ. ‘ಹತ್ತು ನಿಮಿಷ ಎಂಜಿನ್ ಓಡಿಸಿದರೆ ಚಾರ್ಜ್ ಆಗುತ್ತೆ’ ಎಂಬ ನಂಬಿಕೆ ಸೆಲ್ಫ್ ಹೊಡೆದ ಖರ್ಚಿಗೆ ಮಾತ್ರ ನಿಜ. ಎರಡು ಗಂಟೆ ಹಾಡಿನ ಖರ್ಚು ತುಂಬಲು ಒಂದು ಗಂಟೆಯ ಆಸುಪಾಸು ರಸ್ತೆಯಲ್ಲಿ ಓಡಿಸಬೇಕು. ಸೀಸದ ಬ್ಯಾಟರಿ ಮೊದಲ ಭಾಗವನ್ನು ಬೇಗ ನುಂಗಿ ಕೊನೆಯ ಐದನೇ ಒಂದು ಭಾಗಕ್ಕೆ ತಕರಾರು ತೆಗೆಯುತ್ತದೆ, ಅದು ಭರ್ತಿಯಾಗಲು ಗಂಟೆಗಳೇ ಬೇಕು. ಕೊಚ್ಚಿಯಿಂದ ತಿರುವನಂತಪುರಕ್ಕೆ ಸುಮಾರು 200 ಕಿಲೋಮೀಟರ್, ಆಲಪ್ಪುಳ, ಕೊಲ್ಲಂ ದಾಟಿ ಹೋಗುವ ಆ ಐದಾರು ಗಂಟೆಯ ಪ್ರಯಾಣ ಬ್ಯಾಟರಿಗೆ ಹಬ್ಬದೂಟ. ಕಲೂರಿನಿಂದ ಎಂ.ಜಿ. ರಸ್ತೆಗೆ ಟ್ರಾಫಿಕ್ಕಿನಲ್ಲಿ ತೆವಳುವ ಕಾರಿಗೆ ಆ ಭಾಗ್ಯವಿಲ್ಲ. ಎಂಜಿನ್ ನಿಧಾನವಾಗಿದ್ದಾಗ ಡೈನಮೋ ಕೊಡುವುದೂ ಕಡಿಮೆ, ಅದರಲ್ಲಿ ಎಸಿ ಫ್ಯಾನು, ವೈಪರ್, ದೀಪಗಳು ಪಾಲು ಕೇಳುತ್ತವೆ. ದಿನವೂ ನಾಲ್ಕೈದು ಕಿಲೋಮೀಟರ್ ಓಡಿ, ದಿನವೂ ಅರ್ಧ ಗಂಟೆ ನಿಂತು ಹಾಡು ಕೇಳುವ ಕಾರಿನ ಬ್ಯಾಟರಿ ಯಾವತ್ತೂ ಪೂರ್ತಿ ತುಂಬದೆ ಒಳಗೊಳಗೇ ಸೊರಗುತ್ತದೆ. ಅಂಥವರು ತಿಂಗಳಿಗೊಮ್ಮೆ ಮನೆಯಲ್ಲೇ ತಾನಾಗಿ ನಿಲ್ಲುವ ಚಾರ್ಜರಿಗೆ ರಾತ್ರಿಯಿಡೀ ಹಾಕಬಹುದು. ಫ್ಲ್ಯಾಟಿನ ನೆಲಮಾಳಿಗೆಯಲ್ಲೋ ಮುಚ್ಚಿದ ಶೆಡ್ಡಿನಲ್ಲೋ ಎಂಜಿನ್ ಓಡಿಸುತ್ತ ಚಾರ್ಜ್ ಮಾಡಲು ಹೋಗಬಾರದು. ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ.

ಡಿಕ್ಕಿಯಲ್ಲಿ ವೂಫರ್, ಆ್ಯಂಪ್ ಕೂರಿಸಿದವರ ಲೆಕ್ಕ ಬೇರೆಯೇ. ಜೋರು ಸದ್ದಿನಲ್ಲಿ ಅದು ಸರಾಸರಿ ಹತ್ತು ಆ್ಯಂಪಿಯರ್ ಎಳೆದರೂ 35 ಎಎಚ್‌ನ ಕಾಲು ಭಾಗ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆ್ಯಂಪ್ ‘ಕ್ಲಾಸ್ ಡಿ’ ಆಗಿದ್ದರೆ ತೆಗೆದುಕೊಂಡದ್ದರಲ್ಲಿ ಶೇಕಡ 80ಕ್ಕೂ ಹೆಚ್ಚು ಸ್ಪೀಕರಿಗೆ ತಲುಪಬಲ್ಲದು. ಹಳೆಯ ‘ಕ್ಲಾಸ್ ಎಬಿ’ಯಲ್ಲಿ ಅರ್ಧದ ಹತ್ತಿರ ಬರೀ ಬಿಸಿಯಾಗಿ ಹೋಗುತ್ತದೆ. ಅಂಗಡಿಯವರು ಇದಕ್ಕೆ ಮದ್ದೆಂದು ಮಾರುವ ಒಂದು ಫ್ಯಾರಡ್ ಕೆಪಾಸಿಟರ್ ಡಿಕ್ಕಿಯ ಅಲಂಕಾರಕ್ಕೆ ಚೆನ್ನ. ವೋಲ್ಟೇಜ್ 12.6ರಿಂದ 11.6ಕ್ಕೆ ಇಳಿಯುವಷ್ಟರಲ್ಲಿ ಅದು ಕೊಡುವುದು ಸುಮಾರು 12 ಜೂಲ್. 500 ವಾಟಿನ ಎಳೆತಕ್ಕೆ ಅದು ಸೆಕೆಂಡಿನ ನಲವತ್ತನೇ ಒಂದು ಭಾಗಕ್ಕೆ ಸಾಕು. ಡೋಲಿನ ಪೆಟ್ಟಿಗೆ ದೀಪ ಮಿಣುಕುವುದು ತಗ್ಗೀತು, ಹಾಡು ಒಂದು ಕ್ಷಣವೂ ಹೆಚ್ಚು ನಡೆಯದು. ನಿಜವಾದ ಉಪಾಯ ಎರಡು. ಒಂದು, ವೋಲ್ಟೇಜ್ ಗೊತ್ತುಮಾಡಿದ ಮಟ್ಟಕ್ಕೆ ಇಳಿದ ಕೂಡಲೇ ಆ್ಯಂಪಿನ ಸಂಪರ್ಕ ಕಡಿಯುವ ಕಟ್-ಆಫ್ ರಿಲೇ. ಇನ್ನೊಂದು, ಹಾಡಿಗೆಂದೇ ಎರಡನೇ ಬ್ಯಾಟರಿ, ನಡುವೆ ಐಸೊಲೇಟರ್. ಎಂಜಿನ್ ಓಡುವಾಗ ಎರಡೂ ಚಾರ್ಜ್ ಆಗುತ್ತವೆ, ನಿಂತಾಗ ಸೆಲ್ಫಿನದ್ದನ್ನು ಹಾಡು ಮುಟ್ಟುವುದಿಲ್ಲ.

ಎಲ್ಲ ಎಚ್ಚರ ಮೀರಿ ಬ್ಯಾಟರಿ ಇಳಿದರೆ ಮ್ಯಾನ್ಯುವಲ್ ಗೇರಿನ ಪೆಟ್ರೋಲ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಬಹುದು, ಆಟೊಮ್ಯಾಟಿಕ್ ಕಾರಿಗೆ ಆ ದಾರಿಯಿಲ್ಲ. ಅಂಬಾಸಿಡರ್ ಕಾಲದಲ್ಲಿ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಿದರೆ ಕೆಲಸ ನಡೆಯುತ್ತಿತ್ತು. ಈಗ ಜಂಪ್ ಸ್ಟಾರ್ಟ್ ಕೇಬಲ್ಲೇ ಗತಿ. ಕೆಂಪು ಕೇಬಲನ್ನು ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿಯನ್ನು ನೆರವಿನ ಕಾರಿನ ಪ್ಲಸ್ಸಿಗೆ, ಕಪ್ಪನ್ನು ನೆರವಿನ ಕಾರಿನ ಮೈನಸ್ಸಿಗೆ, ಕೊನೆಯ ತುದಿಯನ್ನು ಸತ್ತ ಬ್ಯಾಟರಿಗಲ್ಲ, ಅದರಿಂದ ದೂರವಿರುವ ಎಂಜಿನ್ನಿನ ಲೋಹಕ್ಕೆ ಕಚ್ಚಿಸಬೇಕು. ಬ್ಯಾಟರಿಯ ಸುತ್ತ ಹೈಡ್ರೋಜನ್ ಅನಿಲ ಇರಬಹುದಾದ್ದರಿಂದ ಕೊನೆಯ ಕಿಡಿ ಅಲ್ಲಿ ಹಾರಬಾರದು. ಎಂಜಿನ್ ಹಿಡಿದ ಮೇಲೆ ಕೇಬಲ್ ತೆಗೆಯುವುದು ಇದೇ ಕ್ರಮದ ಉಲ್ಟಾ. ಹಾಡು ಕೇಳಿದ್ದೇ ಕಾರಣವೆಂದು ನಿಶ್ಚಯಿಸುವ ಮೊದಲು ನಿಂತ ಕಾರಿನ ಸೋರಿಕೆಯನ್ನೂ ನೋಡಬೇಕು. ಎಲ್ಲ ಆಫ್ ಮಾಡಿ, ಬೀಗ ಹಾಕಿ ಅರ್ಧ ಗಂಟೆ ಬಿಟ್ಟ ಮೇಲೆ 50 ಮಿಲಿ ಆ್ಯಂಪಿಯರ್ ಒಳಗಿದ್ದರೆ ಸಹಜ, ಅದು ದಿನಕ್ಕೆ 1.2 ಆ್ಯಂಪಿಯರ್-ಗಂಟೆ. ಅದನ್ನು ಮೀರಿದರೆ ಎಲ್ಲೋ ಒಂದು ದೀಪ, ಒಂದು ಡ್ಯಾಶ್ ಕ್ಯಾಮೆರಾ, ತಪ್ಪಾಗಿ ಜೋಡಿಸಿದ ಸ್ಟೀರಿಯೋ ರಾತ್ರಿಯಿಡೀ ಎಚ್ಚರವಿದೆ ಎಂದರ್ಥ.

ಎಲೆಕ್ಟ್ರಿಕ್ ಕಾರು ಕೊಂಡವರಿಗೆ ಈ ಚಿಂತೆಯೆಲ್ಲ ತಪ್ಪಿತು ಎಂದುಕೊಳ್ಳುವಂತಿಲ್ಲ. ಅದರ ನೆಲದಡಿಯ ದೊಡ್ಡ ಬ್ಯಾಟರಿಯ ಜೊತೆಗೆ ಇನ್ನೊಂದು ಚಿಕ್ಕ 12 ವೋಲ್ಟಿನದ್ದೂ ಇರುತ್ತದೆ. ಸ್ಟೀರಿಯೋ, ದೀಪ, ಬಾಗಿಲಿನ ಬೀಗ, ಕಂಪ್ಯೂಟರು ನಡೆಯುವುದು ಅದರಿಂದಲೇ. ‘ರೆಡಿ’ ಎಂಬ ಅಕ್ಷರ ಹೊತ್ತಿಕೊಂಡಿದ್ದಾಗ ದೊಡ್ಡ ಬ್ಯಾಟರಿ ಚಿಕ್ಕದನ್ನು ತುಂಬುತ್ತಿರುತ್ತದೆ, ಹಾಡು ಎಷ್ಟು ಹೊತ್ತಾದರೂ ನಡೆಯಲಿ, ಎಸಿಯೂ ಓಡಲಿ. ‘ರೆಡಿ’ ಬಾರದೆ ಪರದೆ ಮಾತ್ರ ಎಚ್ಚರಗೊಂಡಿದ್ದರೆ ಬಹಳಷ್ಟು ಮಾದರಿಗಳಲ್ಲಿ ಹಾಡಿನ ಖರ್ಚು ಬೀಳುವುದು ಚಿಕ್ಕದರ ಮೇಲೆ. ಅದು ಇಳಿದರೆ ಕಾರಿನ ಕಂಪ್ಯೂಟರ್ ಏಳುವುದಿಲ್ಲ, ದೊಡ್ಡ ಬ್ಯಾಟರಿಯನ್ನು ಮೋಟರಿಗೆ ಜೋಡಿಸುವ ಸ್ವಿಚ್ ಮುಚ್ಚಿಕೊಳ್ಳುವುದಿಲ್ಲ. ನೂರಾರು ಕಿಲೋಮೀಟರ್ ಓಡುವಷ್ಟು ಚಾರ್ಜ್ ಹೊತ್ತ ಕಾರು ಆಗ ಪಾರ್ಕಿಂಗಿನಲ್ಲೇ ನಿಂತಿರುತ್ತದೆ. ಅದನ್ನು ಎಬ್ಬಿಸಲು ಬೇಕಾಗುವುದು ಮತ್ತೆ ಅದೇ ಕೆಂಪು-ಕಪ್ಪು ಕೇಬಲ್ಲು, ಪಕ್ಕದಲ್ಲೊಂದು 12 ವೋಲ್ಟಿನ ಬ್ಯಾಟರಿ.